ರೊಟ್ಟಿಯ ಬೆಲೆ, ರೊಟ್ಟಿ ಬಡಿದ ಕೈಯ ಬೆಲೆ

ಬೆಂಗಳೂರಿನಲ್ಲಿರುವ ಉತ್ತರ ಕರ್ನಾಟಕದ ಖಾನಾವಳಿಗಳನ್ನು ಹೊಗಳುವವರು ಸಾಮಾನ್ಯವಾಗಿ ಎರಡು ವಿಶೇಷಣಗಳನ್ನು ಜೋಡಿಯಾಗಿ ಬಳಸುತ್ತಾರೆ: ಒಂದು ‘ಅಸಲಿ’, ಇನ್ನೊಂದು ‘ಅಗ್ಗ’. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಲೆ, ಶೇಂಗಾ ಹಿಂಡಿ, ಕೆನೆಮೊಸರು ಇವೆಲ್ಲ ಊರಿನ ರುಚಿಯಲ್ಲಿಯೇ ದೊರೆಯುತ್ತವೆ, ಅದೂ ಅಲ್ಪ ಬೆಲೆಗೆ ಎಂಬುದು ಪ್ರಶಂಸೆಯ ಸಾರ. ಅಸಲಿ ಆಗಿರುವುದರಿಂದಲೇ ಅಗ್ಗವಾಗಿರಬೇಕು, ಬೆಲೆ ಏರಿದೊಡನೆ ಅಸಲಿತನ ಕೆಡುತ್ತದೆ ಎಂಬ ನಂಬಿಕೆ ಈ ಜೋಡಿಯ ಹಿಂದಿದೆ. ಅದೇ ಬೀದಿಯ ಇಟಾಲಿಯನ್ ಹೋಟೆಲಿನಲ್ಲಿ ಯಂತ್ರದಿಂದ ತಯಾರಾಗಿ ಪೊಟ್ಟಣದಲ್ಲಿ ಬಂದ ಪಾಸ್ತಾಕ್ಕೆ ಹಲವು ಪಟ್ಟು ಹಣ ತೆತ್ತು ಸುಮ್ಮನೆ ಎದ್ದುಬರುವ ಗ್ರಾಹಕ, ಕೈಯಿಂದ ಒಂದೊಂದಾಗಿ ಬಡಿದ ರೊಟ್ಟಿಗೆ ಐದು ರೂಪಾಯಿ ಹೆಚ್ಚಾದರೆ ‘ಈಗ ಮೊದಲಿನಂತಿಲ್ಲ’ ಎಂದು ನಿಟ್ಟುಸಿರು ಬಿಡುತ್ತಾನೆ. ಈ ನಿಟ್ಟುಸಿರು ರುಚಿಗೆ ಸಂಬಂಧಿಸಿದ್ದಲ್ಲ. ಯಾರ ಶ್ರಮಕ್ಕೆ ಎಷ್ಟು ಕೊಡಬೇಕೆಂಬುದನ್ನು ಮೊದಲೇ ತೀರ್ಮಾನಿಸಿಕೊಂಡ ಮನಸ್ಸಿನ ನಿಟ್ಟುಸಿರು ಅದು. ಪ್ರಾದೇಶಿಕ ಊಟದ ಅಗ್ಗತನವನ್ನು ಆ ಅಡುಗೆಯ ಗುಣವೆಂದು ಎಣಿಸುವ ಈ ವಾಡಿಕೆಯನ್ನು ಪ್ರಶ್ನಿಸಬೇಕಾಗಿದೆ.

ಬೆಲೆಯ ವಿಚಾರದಲ್ಲಿ ಪಾಕಸಾಹಿತ್ಯದ ಪರಂಪರೆ ಮೌನವಾಗಿದೆ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಪ್ರತ್ಯೇಕ ಸ್ಥಾನವಿದೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅನ್ನಭೋಗವನ್ನು ರಾಜಭೋಗಗಳಲ್ಲಿ ಒಂದೆಂದು ವರ್ಣಿಸುತ್ತದೆ. ಹದಿನಾರನೆಯ ಶತಮಾನದ ಆರಂಭದ ಜೈನಕವಿ ಮೂರನೆಯ ಮಂಗರಸನು ಸಸ್ಯಾಹಾರದ ವೈವಿಧ್ಯವನ್ನೇ ವಸ್ತುವಾಗಿಸಿಕೊಂಡು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದನು. ಪದಾರ್ಥ, ಪಾಕಕ್ರಮ, ಪರಿಮಳ ಇವುಗಳಿಗೆ ಈ ಗ್ರಂಥಗಳು ಗಮನ ಕೊಡುತ್ತವೆ. ಅಡಿಗೆಯವನ ಕೂಲಿಯ ಲೆಕ್ಕ ಅವುಗಳ ವಿಷಯವಲ್ಲ. ಅರಮನೆಯ ಪಾಕಶಾಲೆಯಲ್ಲಿ ಉಣ್ಣುವವನಿಗೆ ಎಣಿಸುವ ಅಗತ್ಯವಿರಲಿಲ್ಲ, ಅಡುವವನಿಗೆ ಎಣಿಸುವ ಅಧಿಕಾರವಿರಲಿಲ್ಲ. ಅನ್ನವನ್ನು ಮಾರುವುದು ಹೀನವೆಂಬ ಭಾವನೆಯೂ ಬಹುಕಾಲ ಬಲವಾಗಿತ್ತು. ಅನ್ನ ದಾನವಾಗಿ ಸಲ್ಲಬೇಕಾದ ವಸ್ತುವೇ ಹೊರತು ಸರಕಾಗಬೇಕಾದುದಲ್ಲ ಎಂಬುದು ಆ ಕಾಲದ ಆದರ್ಶ. ಬೆಲೆ ಕೊಟ್ಟು ಉಣ್ಣುವ ಇಂದಿನ ಕಾಲದಲ್ಲಿಯೂ ಆ ಆದರ್ಶದ ನೆರಳು ಉಳಿದಿದೆ. ಊಟಕ್ಕೆ ಹೆಚ್ಚು ಕೇಳುವವನು ಲೋಭಿಯಾಗಿಯೂ ಕಡಿಮೆಗೆ ಬಡಿಸುವವನು ಪುಣ್ಯವಂತನಾಗಿಯೂ ಕಾಣಿಸುವುದು ಅದರಿಂದಲೇ.

ಆದರೆ ದಾನದ ಅನ್ನವು ಲೆಕ್ಕವಿಲ್ಲದ ಅನ್ನವಾಗಿರಲಿಲ್ಲ ಎಂಬುದನ್ನು ಶಾಸನಗಳನ್ನು ಓದುವವರು ಬಲ್ಲರು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಪ್ರಸ್ತಾಪ ಕನ್ನಡನಾಡಿನ ಜೈನಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಸದಿಯ ಋಷಿಗಳ ಆಹಾರದಾನಕ್ಕೆಂದು ಭೂಮಿಯನ್ನು ಬಿಟ್ಟಾಗ ಬಿಟ್ಟವರ ಹೆಸರು, ಪಡೆದ ಆಚಾರ್ಯರ ಹೆಸರು, ಭೂಮಿಯ ಅಳತೆ, ಅದರ ಎಲ್ಲೆ, ಕೊನೆಗೆ ಅದನ್ನು ಅಪಹರಿಸಿದವನಿಗೆ ತಗಲುವ ಪಾಪ ಇವೆಲ್ಲವನ್ನೂ ಕಲ್ಲಿನಲ್ಲಿ ಕೊರೆಯಿಸಲಾಗುತ್ತಿತ್ತು. ಉಂಡವರು ಹಣ ಕೊಡುತ್ತಿರಲಿಲ್ಲ ನಿಜ. ಆದರೆ ಕೊಡುತ್ತಿದ್ದವರು ಯಾರೆಂಬುದು ಊರಿಗೆಲ್ಲ ತಿಳಿದಿತ್ತು. ಅನ್ನವು ಉಣ್ಣುವವನಿಗೆ ಉಚಿತವಾದರೆ ಅದರ ವೆಚ್ಚವನ್ನು ಬೇರೊಬ್ಬರು ಭರಿಸಿದ್ದಾರೆಂಬ ಅರಿವು ಆ ಶಾಸನಗಳ ಆಧಾರತತ್ತ್ವ. ಖಾನಾವಳಿಯ ಅಗ್ಗದ ಊಟವನ್ನು ಹೊಗಳುವ ಇಂದಿನ ಬರಹಗಳಲ್ಲಿ ಇಲ್ಲದಿರುವುದು ಈ ಅರಿವು. ಅಲ್ಲಿಯೂ ಯಾರೋ ಕೊಡುತ್ತಿದ್ದಾರೆ. ಅವರ ಹೆಸರನ್ನು ಮಾತ್ರ ಎಲ್ಲಿಯೂ ಬರೆದಿಲ್ಲ.

ಯಾರು ಕೊಡುತ್ತಿದ್ದಾರೆಂಬುದಕ್ಕೆ ಕನ್ನಡದ ಒಂದು ಶಬ್ದವೇ ಸಾಕ್ಷಿ. ಹೋಟೆಲಿನಲ್ಲಿ ಬಡಿಸುವವನಿಗೆ ಬಹುಕಾಲ ಸಂದ ಹೆಸರು ‘ಮಾಣಿ’. ಮಾಣಿ ಎಂದರೆ ಹುಡುಗ. ಕರಾವಳಿಯ ಬ್ರಾಹ್ಮಣ ಮನೆಗಳಲ್ಲಿ ಎಳೆಯನನ್ನು ಪ್ರೀತಿಯಿಂದ ಕರೆಯುವ ಶಬ್ದವು ಒಂದು ಉದ್ಯೋಗದ ಹೆಸರಾದುದು ಆಕಸ್ಮಿಕವಲ್ಲ. ಹೋಟೆಲಿಗೆ ಬಂದು ಸೇರುತ್ತಿದ್ದವರು ಹುಡುಗರೇ ಆಗಿದ್ದರು. ಊಟ, ವಸತಿ ಸೇರಿದ ಅಲ್ಪ ಸಂಬಳ, ಅಂಗಡಿ ಮುಚ್ಚಿದ ಮೇಲೆ ಮೇಜುಗಳ ನಡುವೆ ನಿದ್ರೆ, ನಸುಕಿನಲ್ಲಿ ಮತ್ತೆ ಒಲೆಯ ಮುಂದೆ: ಇದು ಅವರ ದಿನಚರಿ. ವಯಸ್ಸು ಮೂವತ್ತಾದರೂ ಅವನು ಮಾಣಿಯೇ. ದೊಡ್ಡವನ ಕೂಲಿಯನ್ನು ಕೇಳದಿರಲೆಂದೇ ಭಾಷೆ ಅವನನ್ನು ಹುಡುಗನಾಗಿಯೇ ಉಳಿಸಿತೋ ಎಂಬಂತಿದೆ ಈ ಪ್ರಯೋಗ. ಹೋಟೆಲು, ಉಪಾಹಾರಗೃಹಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲಿನ ಹಲವು ದಶಕಗಳ ‘ಕೈಗೆಟಕುವ ದರ’ದಲ್ಲಿ ಮಾಣಿಗಳ ಬಾಲ್ಯದ ಪಾಲು ಎಷ್ಟೆಂಬುದನ್ನು ಯಾರೂ ಲೆಕ್ಕ ಹಾಕಿಲ್ಲ.

ಉಡುಪಿ ಹೋಟೆಲಿನ ಚರಿತ್ರೆಯನ್ನು ಸಾಹಸಗಾಥೆಯಾಗಿ ಹೇಳುವುದು ರೂಢಿ. ಆ ಗಾಥೆ ಸುಳ್ಳಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಶೀನ ಮಯ್ಯನ ಮನೆತನ ಬೆಂಗಳೂರಿನ ಹೋಟೆಲಿನ ಹಣದಿಂದ ತಲೆಯೆತ್ತುತ್ತದೆ. ಬೇಸಾಯ ಹೊಟ್ಟೆಗೆ ಸಾಲದಾದ ಕರಾವಳಿಯ ಕುಟುಂಬಗಳಿಗೆ ಪರವೂರಿನ ಒಲೆಯೇ ಆಸರೆಯಾದ ಸಂಗತಿಯನ್ನು ಕಾದಂಬರಿಕಾರರು ಸ್ಪಷ್ಟವಾಗಿ ಕಂಡಿದ್ದಾರೆ. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಎಲೆಯ ಮೇಲೆ ಬಡಿಸುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತು ಮೇಲೇರಿದ ಕನ್ನಡಿಗರು ಮುಂಬಯಿಯಲ್ಲಿ ಹಲವರಿದ್ದಾರೆ. 1974ರ ಭೂಸುಧಾರಣೆಯ ತರುವಾಯ ಗೇಣಿಯ ಆದಾಯ ಕಳೆದುಕೊಂಡ ಮನೆತನಗಳಲ್ಲಿಯೂ ಹಲವು ಈ ಉದ್ಯಮದತ್ತ ಹೊರಳಿದವು. ಇಷ್ಟಾದರೂ, ಮಾಣಿ ಮಾಲೀಕನಾದ ಕಥೆಯನ್ನು ಇಡೀ ಉದ್ಯಮದ ಕಥೆಯಾಗಿ ಓದುವುದು ವಿಮರ್ಶೆಯ ದೌರ್ಬಲ್ಯ. ಗಲ್ಲಾದ ಹಿಂದಿನ ಕುರ್ಚಿ ಒಂದೇ. ಅಡುಗೆಮನೆಯಲ್ಲಿ ನಿಂತವರು ಹಲವರು. ಗೆದ್ದವನ ಸ್ಮರಣಸಂಚಿಕೆ ಅಚ್ಚಾಗುತ್ತದೆ, ಉಳಿದವರ ಹಾಜರಿಪುಸ್ತಕ ರದ್ದಿಗೆ ಹೋಗುತ್ತದೆ.

ಈ ಗಾಥೆಯಲ್ಲಿ ಹಿನ್ನೆಲೆಗೆ ಸರಿಯುವ ಇನ್ನೊಂದು ಸಂಗತಿ ಅಂತಸ್ತು. ಇಂದು ಎಂ.ಟಿ.ಆರ್. ಎಂದು ಪ್ರಸಿದ್ಧವಾದ ಸಂಸ್ಥೆ 1924ರಲ್ಲಿ ಆರಂಭವಾದುದು ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಹೆಸರಿನಿಂದ. ಅಡಿಗೆಯವನ ಜಾತಿಯೇ ಶುಚಿತ್ವದ ಪ್ರಮಾಣಪತ್ರವಾಗಿದ್ದ ಕಾಲದಲ್ಲಿ ಆ ಹಲಗೆ ಒಂದು ಬಂಡವಾಳವಾಗಿತ್ತು. ಹಳೆಯ ಮೈಸೂರು ಸೀಮೆಯ ಮಾಂಸಾಹಾರದ ಮಿಲಿಟರಿ ಹೋಟೆಲುಗಳಿಗಾಗಲಿ ಖಾನಾವಳಿಗಳಿಗಾಗಲಿ ಆ ಬಂಡವಾಳ ಇರಲಿಲ್ಲ. ಅಡುಗೆಯ ಬೆಲೆಯನ್ನು ನಿರ್ಧರಿಸುವಲ್ಲಿ ಪದಾರ್ಥ ಮತ್ತು ಪರಿಶ್ರಮಗಳ ಜೊತೆಗೆ ಅಡಿಗೆಯವರ ಸಾಮಾಜಿಕ ಅಂತಸ್ತೂ ಕೆಲಸಮಾಡುತ್ತದೆ ಎಂಬುದಕ್ಕೆ ದೂರದ ದೇಶದ ನಿದರ್ಶನವೂ ಇದೆ.

ಅಮೆರಿಕೆಯ ನಗರಗಳ ವಲಸಿಗ ಹೋಟೆಲುಗಳನ್ನು ಅಭ್ಯಸಿಸಿದ ಕೃಷ್ಣೇಂದು ರಾಯ್ ಅವರು ತಮ್ಮ ‘ದಿ ಎಥ್ನಿಕ್ ರೆಸ್ಟೋರೇಟರ್’ (2016) ಗ್ರಂಥದಲ್ಲಿ ಈ ತತ್ತ್ವವನ್ನು ವಿಶದಪಡಿಸಿದ್ದಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಟಲಿಯ ಅಡುಗೆ ಅಲ್ಲಿ ಬಡ ವಲಸಿಗರ ಬೆಳ್ಳುಳ್ಳಿ ವಾಸನೆಯ ಊಟವಾಗಿತ್ತು. ಇಟಲಿ ಮೂಲದವರು ಸಮಾಜದಲ್ಲಿ ಮೇಲೇರಿದಂತೆ ಅದೇ ಅಡುಗೆ ದುಬಾರಿಯೂ ಗೌರವಾನ್ವಿತವೂ ಆಯಿತು. ಜಪಾನು ಆರ್ಥಿಕ ಶಕ್ತಿಯಾಗಿ ಬೆಳೆದ ಮೇಲೆ ಹಸಿ ಮೀನಿನ ತುಂಡಿಗೆ ಎತ್ತರದ ಬೆಲೆ ಬಂದಿತು. ಚೀನಾ, ಮೆಕ್ಸಿಕೊ, ಭಾರತಗಳ ಅಡುಗೆಗಳು ಎಷ್ಟೇ ಜನಪ್ರಿಯವಾದರೂ ಸರಾಸರಿ ಬೆಲೆಯ ಏಣಿಯಲ್ಲಿ ಕೆಳಗೇ ಉಳಿದವು. ರುಚಿಯನ್ನು ಮೆಚ್ಚುವುದಕ್ಕೂ ಅದಕ್ಕೆ ತಕ್ಕ ಬೆಲೆ ಕೊಡುವುದಕ್ಕೂ ನಡುವೆ ಇರುವ ಅಂತರವೇ ಆ ಜನರ ಸ್ಥಾನಮಾನದ ಅಳತೆಗೋಲು.

ಹೋಟೆಲು ನಡೆಸುವುದು ಕೆಲವು ಜನಾಂಗಗಳ ರಕ್ತದಲ್ಲಿಯೇ ಇದೆ ಎಂಬ ಮಾತೂ ಇದೇ ಬೆಳಕಿನಲ್ಲಿ ಬಿದ್ದುಹೋಗುತ್ತದೆ. 1882ರ ಕಾಯಿದೆಯಿಂದ ಚೀನೀ ಕೂಲಿಕಾರರಿಗೆ ಅಮೆರಿಕದ ಬಾಗಿಲು ಮುಚ್ಚಿತ್ತು. ವರ್ತಕರಿಗೆ ಮಾತ್ರ ವಿನಾಯಿತಿ ಇತ್ತು. 1915ರಲ್ಲಿ ಅಲ್ಲಿನ ನ್ಯಾಯಾಲಯವೊಂದು ಹೋಟೆಲು ಮಾಲೀಕರೂ ವರ್ತಕರೆನಿಸಬಹುದೆಂದು ತೀರ್ಪಿತ್ತ ಮೇಲೆ ಚೀನೀ ಹೋಟೆಲುಗಳ ಸಂಖ್ಯೆ ಬೆಳೆಯಿತು. ಬ್ರಿಟನ್ನಿನಲ್ಲಿ ‘ಇಂಡಿಯನ್’ ಎಂಬ ಹಲಗೆ ಹೊತ್ತ ಹೋಟೆಲುಗಳಲ್ಲಿ ಬಹುಪಾಲು ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಯವರ ಒಡೆತನದವು. ಹಡಗಿನ ಕೆಲಸಕ್ಕೆ ಸೇರಿ ಆ ದೇಶದಲ್ಲಿ ಇಳಿದವರ ಒಲೆಯಿಂದ ಅವುಗಳ ಚರಿತ್ರೆ ತೊಡಗುತ್ತದೆ. ಉಳಿದ ದಾರಿಗಳು ಮುಚ್ಚಿದ್ದಾಗ ತೆರೆದ ಒಂದೇ ಕಿಂಡಿಯ ಮೂಲಕ ಜನ ಒಳಗೆ ಬಂದರು. ಹಾಗೆ ಬಂದವರಿಗೆ ಕಡಿಮೆ ಕೂಲಿಯನ್ನು ನಿರಾಕರಿಸುವ ಆಯ್ಕೆ ಇರಲಿಲ್ಲ. ಗ್ರಾಹಕನು ‘ಅಸಲಿ’ ಎಂದು ಸವಿದುದರಲ್ಲಿ ಆ ನಿರುಪಾಯದ ಪಾಲೂ ಇತ್ತು.

ಅರ್ಥಶಾಸ್ತ್ರಜ್ಞರು ಇದಕ್ಕೆ ಬೇರೊಂದು ವಿವರಣೆ ಕೊಡುತ್ತಾರೆ, ಅದನ್ನು ಕಡೆಗಣಿಸುವಂತಿಲ್ಲ. ಅಮೆರಿಕದ ಟೈಲರ್ ಕೋವೆನ್ ಅವರು ‘ಆ್ಯನ್ ಎಕನಾಮಿಸ್ಟ್ ಗೆಟ್ಸ್ ಲಂಚ್’ (2012) ಎಂಬ ಗ್ರಂಥದಲ್ಲಿ ವಾದಿಸುವ ಪ್ರಕಾರ ಒಳ್ಳೆಯ ವಲಸಿಗ ಅಡುಗೆಯನ್ನು ನಗರದ ನಡುವಿನ ಥಳಕಿನ ಬೀದಿಗಳಲ್ಲಿ ಹುಡುಕಬಾರದು. ಬಾಡಿಗೆ ಕಡಿಮೆಯಿರುವ ಹೊರವಲಯದ ಅಂಗಡಿಸಾಲುಗಳಲ್ಲಿ, ಮನೆಮಂದಿಯೇ ದುಡಿಯುವ ಸಣ್ಣ ಹೋಟೆಲುಗಳಲ್ಲಿ ಹುಡುಕಬೇಕು. ಬಾಡಿಗೆಯ ಹೊರೆ ಇಳಿದರೆ ಪ್ರಯೋಗಕ್ಕೆ ಧೈರ್ಯ ಬರುತ್ತದೆ, ಹಣ ಗೋಡೆಯ ಅಲಂಕಾರಕ್ಕೆ ಹೋಗದೆ ತಟ್ಟೆಗೆ ಬರುತ್ತದೆ. ಈ ಮಾತಿನ ಅರ್ಧಭಾಗ ಸತ್ಯ. ಬೆಂಗಳೂರಿನ ದರ್ಶಿನಿಗಳೇ ಅದಕ್ಕೆ ನಿದರ್ಶನ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಾಗ ಕುರ್ಚಿಗಳು ಮಾಯವಾದವು. ಗ್ರಾಹಕ ನಿಂತು ತಿಂದ, ತನ್ನ ತಟ್ಟೆಯನ್ನು ತಾನೇ ಹೊತ್ತ. ಒಂದು ಚದರ ಅಡಿ ಜಾಗದಲ್ಲಿ ಗಂಟೆಗೆ ಹೆಚ್ಚು ಜನ ತಿಂದುದರಿಂದ ಇಡ್ಲಿಯ ದರ ಇಳಿಯಿತು. ಇಲ್ಲಿ ನಿಜವಾದ ಮಿತವ್ಯಯವಿದೆ, ಅದರಲ್ಲಿ ಯಾರಿಗೂ ವಂಚನೆಯಿಲ್ಲ.

ವಾದದ ಉಳಿದರ್ಧ ಒಪ್ಪತಕ್ಕದ್ದಲ್ಲ. ಜಾಗದ ಉಳಿತಾಯ ಬೇರೆ, ಕೂಲಿಯ ಕಡಿತ ಬೇರೆ. ಹೆಂಡತಿ, ಮಕ್ಕಳು, ಊರಿನಿಂದ ಬಂದ ನಂಟರು ಸಂಬಳವಿಲ್ಲದೆ ದುಡಿದಾಗ ವೆಚ್ಚ ಇಳಿದಂತೆ ತೋರುತ್ತದೆ. ವಾಸ್ತವವಾಗಿ ವೆಚ್ಚ ಇಳಿದಿಲ್ಲ, ಅದನ್ನು ಭರಿಸುವವರು ಬದಲಾಗಿದ್ದಾರೆ. ಗ್ರಾಹಕನ ಕಿಸೆಯಿಂದ ಹೋಗಬೇಕಾದ ಹಣ ಆ ಹೆಂಗಸಿನ ಬೆನ್ನಿನಿಂದ ಹೋಗಿದೆ. ಇದನ್ನು ದಕ್ಷತೆ ಎಂದು ಕರೆಯುವ ಅರ್ಥಶಾಸ್ತ್ರ ತನ್ನ ಲೆಕ್ಕದ ಒಂದು ಕಂಬಸಾಲನ್ನು ಖಾಲಿ ಬಿಟ್ಟಿದೆ.

ಖಾನಾವಳಿಯ ಅಡುಗೆಮನೆಯಲ್ಲಿ ಆ ಖಾಲಿ ಸಾಲು ಕಣ್ಣಿಗೆ ಕಾಣುತ್ತದೆ. ಗೋಧಿಯಲ್ಲಿರುವ ಅಂಟು ಜೋಳಕ್ಕಿಲ್ಲ. ಕುದಿನೀರಿನಲ್ಲಿ ಹಿಟ್ಟನ್ನು ಕಲಸಿ, ನಾದಿ, ಕೈಯಿಂದಲೇ ತಿರುವುತ್ತ ಬಡಿದು, ಅಂಚು ಒಡೆಯದಂತೆ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಉಬ್ಬುವವರೆಗೆ ಬೇಯಿಸಬೇಕು. ವರ್ಷಗಟ್ಟಲೆ ಪಳಗಿದ ಕೈಗೆ ಮಾತ್ರ ಒಲಿಯುವ ವಿದ್ಯೆ ಇದು. ಬಹುಮಟ್ಟಿಗೆ ಹೆಂಗಸರದೇ ಆದ ಈ ವಿದ್ಯೆಯನ್ನು ಮನೆಯಲ್ಲಿ ಎಲ್ಲ ಹೆಂಗಸರೂ ಮಾಡುವ ಕೆಲಸವೆಂದು ಎಣಿಸುವುದರಿಂದ ಕುಶಲಕರ್ಮವೆಂಬ ಗೌರವವೂ ಇಲ್ಲ, ಅದಕ್ಕೆ ತಕ್ಕ ಕೂಲಿಯೂ ಇಲ್ಲ. ಇತ್ತ ಮಾಲೀಕನ ಕೈಯೂ ಕಟ್ಟಿದೆ. ಕಟ್ಟಡದ ಬಾಡಿಗೆಯನ್ನು ಕಟ್ಟಡದವನು ನಿರ್ಧರಿಸುತ್ತಾನೆ, ಜೋಳದ ದರವನ್ನು ಮಾರುಕಟ್ಟೆ, ವಾಣಿಜ್ಯ ಸಿಲಿಂಡರಿನ ದರವನ್ನು ತೈಲ ಕಂಪನಿಗಳು. 2017ರ ನವೆಂಬರಿನಿಂದ ಸಾಮಾನ್ಯ ಹೋಟೆಲುಗಳ ಊಟಕ್ಕೆ ಶೇ. 5ರ ಜಿ.ಎಸ್.ಟಿ. ಬಂದಿತು, ಆದರೆ ಹೋಟೆಲಿನವನು ಅನಿಲಕ್ಕೆ, ಬಾಡಿಗೆಗೆ, ಪಾತ್ರೆಗೆ ತೆತ್ತ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳುವ ಅವಕಾಶ ತಪ್ಪಿತು. ದುಬಾರಿ ಕೋಣೆಗಳ ತಾರಾ ಹೋಟೆಲಿಗೆ ಶೇ. 18ರ ದರದೊಂದಿಗೆ ಆ ಅವಕಾಶ ಉಳಿದಿದೆ. ಇಷ್ಟು ವೆಚ್ಚಗಳು ಪರರ ಕೈಯಲ್ಲಿರುವಾಗ, ಊಟದ ಬೆಲೆಯನ್ನು ಏರಿಸಬಾರದೆಂದು ಗ್ರಾಹಕನೂ ಪಟ್ಟುಹಿಡಿದರೆ, ಮಾಲೀಕನಿಗೆ ಜಗ್ಗಲು ಉಳಿಯುವುದು ಕೂಲಿಯೊಂದೇ. ‘ಬೆಲೆ ಏರಿಸಬೇಡಿ’ ಎಂಬ ಗ್ರಾಹಕನ ಮಾತು ಅಡುಗೆಮನೆಯನ್ನು ತಲಪುವಾಗ ‘ಕೂಲಿ ಏರಿಸಬೇಡಿ’ ಎಂದಾಗಿರುತ್ತದೆ.

ಬೆಲೆಯನ್ನು ಬಲವಂತದಿಂದ ಇಳಿಸಿದರೆ ಏನಾಗುತ್ತದೆಂಬುದಕ್ಕೆ ತುರ್ತು ಪರಿಸ್ಥಿತಿಯ ಕಾಲದ ಪ್ರಸಂಗವೊಂದಿದೆ. ಸರ್ಕಾರವು ಹೋಟೆಲು ತಿಂಡಿಗಳ ದರಕ್ಕೆ ಮಿತಿ ಹಾಕಿದಾಗ ಎಂ.ಟಿ.ಆರ್. ಗುಣಮಟ್ಟವನ್ನು ತಗ್ಗಿಸದೆ ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಪ್ರಕಟಿಸಿತೆಂದೂ, ಕೊನೆಗೆ ಕೆಲಕಾಲ ಹೋಟೆಲಿನ ಬಾಗಿಲು ಮುಚ್ಚಿ ಸಿದ್ಧಮಿಶ್ರಣಗಳ ತಯಾರಿಕೆಗೆ ಹೊರಳಿತೆಂದೂ ಆ ಸಂಸ್ಥೆಯ ಚರಿತ್ರೆ ಹೇಳುತ್ತದೆ. ಆ ಹಲಗೆಯನ್ನು ಕೆಚ್ಚಿನ ಕಥೆಯಾಗಿ ಮಾತ್ರ ನೆನೆಯುವುದು ಸಾಲದು. ಗ್ರಾಹಕನು ಕೊಟ್ಟ ಬೆಲೆಗೂ ಊಟದ ನಿಜವಾದ ವೆಚ್ಚಕ್ಕೂ ನಡುವಿನ ಅಂತರವನ್ನು ಅಂಕಿಗಳಲ್ಲಿ ತೋರಿಸಿದ ಅಪೂರ್ವ ದಾಖಲೆ ಅದು. ಹೆಸರಿನ ಬಲವಿದ್ದ ಸಂಸ್ಥೆಗೆ ನಷ್ಟವನ್ನು ಬರೆದು ತೋರಿಸುವುದೂ ಬೇರೆ ಉದ್ಯಮಕ್ಕೆ ಹೊರಳುವುದೂ ಸಾಧ್ಯವಾಯಿತು. ಖಾನಾವಳಿಗೆ ಆ ಹಲಗೆಯೂ ಇಲ್ಲ, ಆ ದಾರಿಯೂ ಇಲ್ಲ.

ಬೆಲೆ ಏರಿದರೆ ಬಡವರು ಉಣ್ಣುವುದೆಲ್ಲಿ ಎಂಬ ಆಕ್ಷೇಪಣೆ ಸಹಜವಾಗಿಯೇ ಏಳುತ್ತದೆ. ಇದು ಗಂಭೀರವಾದ ಪ್ರಶ್ನೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನು ಅದಕ್ಕೊಂದು ಉತ್ತರ ಕೊಟ್ಟಿತು: ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ, ಉಳಿದುದು ಸಾರ್ವಜನಿಕ ಬೊಕ್ಕಸದಿಂದ. ಆ ಯೋಜನೆಯ ನಿರ್ವಹಣೆಯ ಬಗೆಗೆ ಟೀಕೆಗಳು ಇರಬಹುದು. ಅದರ ತತ್ತ್ವ ನಿರ್ಮಲವಾದುದು. ರಿಯಾಯಿತಿಯ ಹಣ ಎಲ್ಲಿಂದ ಬಂದಿತೆಂಬುದು ಆಯವ್ಯಯದಲ್ಲಿ ದಾಖಲಾಗಿದೆ, ಪ್ರಜೆಗಳು ಪ್ರಶ್ನಿಸಬಹುದು. ಶಾಸನಕಾಲದ ಆಹಾರದಾನದ ಪ್ರಾಮಾಣಿಕತೆ ಇಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ. ಬಡವರ ಹಸಿವನ್ನು ನೀಗಿಸುವ ಹೊಣೆ ಸಮಾಜದ್ದು. ಅದನ್ನು ರೊಟ್ಟಿ ಬಡಿಯುವ ಹೆಂಗಸಿನ ಹೆಗಲಿಗೆ ವರ್ಗಾಯಿಸುವುದು ಧರ್ಮವೂ ಅಲ್ಲ, ಅರ್ಥಶಾಸ್ತ್ರವೂ ಅಲ್ಲ. ಅಷ್ಟಕ್ಕೂ ಖಾನಾವಳಿಯ ಬೆಲೆಯೇರಿಕೆಗೆ ಗಟ್ಟಿಯಾಗಿ ಮರುಗುವ ದನಿ ಬಡವನದಲ್ಲ. ವಾರದ ಕೊನೆಗೆ ಪಾಸ್ತಾ, ವಾರದ ನಡುವೆ ರೊಟ್ಟಿ ತಿನ್ನಬಲ್ಲವನ ದನಿ ಅದು. ಬಡವನ ಹೆಸರಿನಲ್ಲಿ ಉಳ್ಳವನು ಪಡೆಯುವ ಈ ರಿಯಾಯಿತಿಗೆ ಸಮರ್ಥನೆಯಿಲ್ಲ.

ಕನ್ನಡದ ಆಹಾರಸಂಸ್ಕೃತಿಯ ಅಧ್ಯಯನವೂ ಈ ಮೌನದಲ್ಲಿ ಪಾಲುದಾರ. ಮಂಗರಸನ ಭಕ್ಷ್ಯಗಳ ಪಟ್ಟಿ ಮಾಡುವ, ಕಾವ್ಯಗಳ ಭೋಜನವರ್ಣನೆಗಳನ್ನು ಹೆಕ್ಕಿ ಜೋಡಿಸುವ ಕೆಲಸ ಅವಶ್ಯಕವಾದುದು. ಅದರ ಜೊತೆಗೇ ಹೋಟೆಲುಗಳ ಹಳೆಯ ಲೆಕ್ಕಪುಸ್ತಕಗಳು, ರಾತ್ರಿಶಾಲೆಗಳ ದಾಖಲಾತಿ ವಹಿಗಳು, ಮಾಣಿಗಳಾಗಿದ್ದವರ ಬಾಯ್ದೆರೆಯ ಮಾತುಗಳು, ಖಾನಾವಳಿಯ ಹೆಂಗಸರ ದಿನಗೂಲಿಯ ವಿವರಗಳು ಸಂಗ್ರಹವಾಗಬೇಕು. ಪಾಕಶಾಸ್ತ್ರವನ್ನು ಸಂಪಾದಿಸುವ ಶ್ರದ್ಧೆಯಿಂದಲೇ ಹಾಜರಿಪುಸ್ತಕವನ್ನೂ ಸಂಪಾದಿಸುವ ಸಂಶೋಧಕರು ಬೇಕು. ಅಡುಗೆಯನ್ನು ಸಂಸ್ಕೃತಿಯೆಂದು ಕೊಂಡಾಡಿ ಅಡಿಗೆಯವರನ್ನು ವೆಚ್ಚವೆಂದು ಎಣಿಸುವವರೆಗೆ ಆ ಅಧ್ಯಯನ ಉಂಡವರ ಸಾಹಿತ್ಯವಾಗಿಯೇ ಉಳಿಯುತ್ತದೆ.

ಸಾವಿರ ವರ್ಷಗಳ ಹಿಂದೆ ಒಂದು ಹೊತ್ತಿನ ಆಹಾರದಾನಕ್ಕೆ ಯಾರ ಹೊಲ ಸಂದಿತೆಂಬುದನ್ನು ಕನ್ನಡನಾಡು ಕಲ್ಲಿನಲ್ಲಿ ಬರೆಯಿಸಿತು. ಇಂದಿನ ಖಾನಾವಳಿಯ ಗೋಡೆಗೆ ಅಂಥದೊಂದು ಶಾಸನ ಬೇಕಾಗಿಲ್ಲ. ದರಪಟ್ಟಿಯಲ್ಲಿ ರೊಟ್ಟಿಯ ಮುಂದೆ ನ್ಯಾಯವಾದ ಬೆಲೆ ಇರಲಿ, ಆ ಬೆಲೆಯಲ್ಲಿ ಬಡಿದ ಕೈಗೆ ಸಲ್ಲಬೇಕಾದುದು ಸಲ್ಲಲಿ, ಉಣ್ಣುವವನು ಅದನ್ನು ಗೊಣಗದೆ ಕೊಡಲಿ. ಹಾಗೆ ಕೊಡಲು ಮನಸ್ಸಿಲ್ಲದವನು ಆ ಊಟವನ್ನು ಅಸಲಿಯೆಂದು ಹೊಗಳುವ ಅಧಿಕಾರವನ್ನೂ ಬಿಟ್ಟುಕೊಡಬೇಕು.